ಆಧಾರ ಎಲ್ಲಿದೆ ಅಂತ ಕೇಳುವವರು

ಇತಿಹಾಸದ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಈ ಪ್ರಶ್ನೆ ಎಸೆದೇ ಎಸೆಯುತ್ತಾರೆ: "ಅದೆಲ್ಲ ಹಾಗೇ ಆಯ್ತು ಅಂತ ಹೇಗೆ ಹೇಳ್ತೀರಿ, ನೀವೇನು ಅಲ್ಲಿದ್ರಾ?" ಕೇಳಿದವರಿಗೆ ವಾದ ಗೆದ್ದ ಖುಷಿ. ಆದರೆ ಇದು ಅಷ್ಟೇನೂ ಕೆಟ್ಟ ಪ್ರಶ್ನೆಯಲ್ಲ. ಇತಿಹಾಸಕಾರರು ದಿನಾ ಕೇಳಿಕೊಳ್ಳುವುದೂ ಹೆಚ್ಚುಕಮ್ಮಿ ಇದನ್ನೇ. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ, ಅಲ್ಲೇ ಇದ್ದವನನ್ನೂ ಸುಲಭಕ್ಕೆ ನಂಬುವುದಿಲ್ಲ. ಅಲ್ಲಿದ್ದವನಿಗೆ ಭಯ ಇರುತ್ತದೆ, ರಾಜನ ಋಣ ಇರುತ್ತದೆ, ತನ್ನ ಹೆಸರು ಉಳಿಯಬೇಕೆಂಬ ಆಸೆ ಇರುತ್ತದೆ, ಮೂವತ್ತು ವರ್ಷ ಕಳೆದ ಮೇಲೆ ಬರೆಯಲು ಕೂತರೆ ಮರೆವೂ ಸೇರಿಕೊಳ್ಳುತ್ತದೆ.

ನಮ್ಮಲ್ಲಿ ಬಹಳ ಜನಕ್ಕೆ ಶಾಲೆಯಲ್ಲಿ ಸಿಕ್ಕಿದ್ದು ಯಾರು ಯಾವ ಇಸವಿಯಲ್ಲಿ ಗೆದ್ದರು ಎಂಬುದು. ಅದು ಗೊತ್ತಾಗಿದ್ದು ಹೇಗೆ ಎಂಬುದು ಸಿಗಲಿಲ್ಲ. ನನ್ನ ಪ್ರಕಾರ ಮಜಾ ಇರುವುದೆಲ್ಲ ಆ ಎರಡನೆಯದರಲ್ಲಿ.

ಅಶೋಕನನ್ನೇ ತಗೊಳ್ಳಿ. ಅವನ ಶಾಸನಗಳು ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಬಂಡೆಗಳ ಮೇಲೆ, ಕಂಬಗಳ ಮೇಲೆ ಕಣ್ಣೆದುರೇ ಇದ್ದವು. ಆದರೆ ಲಿಪಿ ಮರೆತುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಬ್ರಾಹ್ಮಿ ಅಕ್ಷರಗಳನ್ನು ಬಿಡಿಸಿ ಓದಿದಾಗ ಸಿಕ್ಕ ಹೆಸರು 'ದೇವಾನಂಪಿಯ ಪಿಯದಸಿ'. ಯಾರಿವನು? ಸಿಂಹಳದ ರಾಜನಿರಬೇಕು ಅಂತ ಪ್ರಿನ್ಸೆಪ್ ಮೊದಲು ಅಂದುಕೊಂಡ. ಅಲ್ಲಿಯ ಪಾಲಿ ಗ್ರಂಥಗಳನ್ನು ಓದುತ್ತಿದ್ದ ಜಾರ್ಜ್ ಟರ್ನರ್, ಪಿಯದಸಿ ಅಂದರೆ ಮೌರ್ಯ ರಾಜ ಅಶೋಕನೇ ಎಂದು ತೋರಿಸಿದ. ಸರಿ, ಒಪ್ಪುವ ಮಾತೇ. ಆದರೂ ಅದು ಗ್ರಂಥ ಹೇಳಿದ್ದು, ಆಗ ಓದಿದ ಬಂಡೆಗಳಲ್ಲಿ ಅಶೋಕ ಎಂಬ ಹೆಸರು ಇರಲಿಲ್ಲ. ಆ ಹೆಸರು ಕಲ್ಲಿನ ಮೇಲೇ ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಅದೂ ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಕಣ್ಣಿಗೆ ಬಿದ್ದ ಶಾಸನದಲ್ಲಿ. ಒಂದು ಕಡೆ ದ್ವೀಪದಲ್ಲಿ ಉಳಿದುಬಂದ ಗ್ರಂಥ, ಇನ್ನೊಂದು ಕಡೆ ದಖ್ಖನದ ಬಂಡೆ. ಒಂದು ಇನ್ನೊಂದನ್ನು ನೋಡಿ ಬರೆದಿದ್ದಲ್ಲ, ಆದರೂ ಎರಡೂ ಒಂದೇ ಮಾತು ಹೇಳಿದವು. ಇತಿಹಾಸಕಾರರು ಪುರಾವೆ ಅಂದಾಗ ಅವರ ಮನಸ್ಸಿನಲ್ಲಿರುವುದು ಇಂಥದ್ದು.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಅಶೋಕನ ಹದಿಮೂರನೇ ಬಂಡೆಶಾಸನ ಎಲ್ಲರಿಗೂ ಗೊತ್ತಿರುವಂಥದ್ದು. ಕಳಿಂಗ ಯುದ್ಧದಲ್ಲಿ ಒಂದೂವರೆ ಲಕ್ಷ ಜನರನ್ನು ಹಿಡಿದು ಒಯ್ದರು, ಒಂದು ಲಕ್ಷ ಜನ ಸತ್ತರು, ಅದಕ್ಕೂ ಎಷ್ಟೋ ಪಟ್ಟು ಜನ ನಾಶವಾದರು, ರಾಜನಿಗೆ ಇದರಿಂದ ತುಂಬಾ ನೋವಾಗಿದೆ ಅಂತ ಅದು ಹೇಳುತ್ತದೆ. ಯಾರೇ ಓದಿದರೂ ಮನಸ್ಸು ಕರಗುತ್ತದೆ. ಆದರೆ ಈಗ ಒಡಿಶಾದಲ್ಲಿರುವ ಧೌಲಿ ಮತ್ತು ಜೌಗಡಕ್ಕೆ ಹೋಗಿ ನೋಡಿ. ಅಂದರೆ ಸೋತ ಕಳಿಂಗದೊಳಗೇ ಹೋಗಿ ನೋಡಿ. ಅಲ್ಲಿ ಬೇರೆ ಬಂಡೆಶಾಸನಗಳಿವೆ, ಈ ಹದಿಮೂರನೆಯದು ಮಾತ್ರ ಇಲ್ಲ! ಹನ್ನೊಂದು, ಹನ್ನೆರಡು, ಹದಿಮೂರು ಮೂರನ್ನೂ ಬಿಟ್ಟಿದ್ದಾರೆ. ಅವುಗಳ ಜಾಗದಲ್ಲಿ ಅಧಿಕಾರಿಗಳಿಗೆ ಬರೆಸಿದ ಎರಡು ಪ್ರತ್ಯೇಕ ಶಾಸನಗಳಿವೆ. ಜನರೆಲ್ಲ ನನ್ನ ಮಕ್ಕಳು, ಯಾರನ್ನೂ ಸುಮ್ನೆ ಸೆರೆಗೆ ಹಾಕಬೇಡಿ, ಹಿಂಸೆ ಕೊಡಬೇಡಿ, ಈ ಧಾಟಿಯಲ್ಲಿ.

ಏಕೆ ಬಿಟ್ಟರು? ಗಾಯ ಇನ್ನೂ ಆರದ ಜನರ ಮುಂದೆ ಸತ್ತವರ ಲೆಕ್ಕ ಕೆತ್ತಿಸುವುದು ಬೇಡ ಅನ್ನಿಸಿರಬಹುದು. ಎದ್ದು ನಿಂತಾರು ಎಂಬ ಲೆಕ್ಕಾಚಾರವೂ ಇದ್ದಿರಬಹುದು. ಇದು ಊಹೆ, ಊಹೆ ಅಂತಲೇ ಹೇಳಿ ಮುಂದೆ ಹೋಗಬೇಕು. ಆದರೆ ಬಿಟ್ಟಿದ್ದು ಮಾತ್ರ ಊಹೆಯಲ್ಲ. ಇನ್ನೂ ಒಂದಿದೆ: ಅದೇ ಹದಿಮೂರನೇ ಶಾಸನದಲ್ಲಿ ಕಾಡಿನ ಜನರಿಗೆ ಒಂದು ಎಚ್ಚರಿಕೆಯೂ ಇದೆ, ರಾಜನಿಗೆ ಪಶ್ಚಾತ್ತಾಪವಾಗಿರಬಹುದು, ಆದರೆ ಬಲ ಹಾಗೇ ಇದೆ ಎಂಬ ಅರ್ಥದಲ್ಲಿ. ಪಠ್ಯಪುಸ್ತಕದಲ್ಲಿ ಈ ಸಾಲು ಯಾರಿಗಾದರೂ ಸಿಕ್ಕಿತ್ತಾ? ಹಾಗಂತ ಅಶೋಕ ನಾಟಕ ಆಡಿದ ಅಂತ ಹೊರಟರೆ ಅದೂ ಸೋಮಾರಿತನವೇ. ನೋವೂ ನಿಜ ಇರಬಹುದು, ರಾಜಕೀಯವೂ ನಿಜ ಇರಬಹುದು. ಒಬ್ಬನೇ ಮನುಷ್ಯನಲ್ಲಿ ಎರಡೂ ಇರುತ್ತವೆ, ಅಲ್ವಾ?

ಜನ ಓದಲಿ ಅಂತಲೇ ಬರೆದ ಬರಹದಲ್ಲಿ ಈ ತೊಂದರೆ ಇದ್ದೇ ಇರುತ್ತದೆ. ಅದಕ್ಕೇ ಇತಿಹಾಸಕಾರರಿಗೆ ಬೋರು ಹೊಡೆಸುವ ಕಾಗದಗಳ ಮೇಲೆ ಅಷ್ಟು ಪ್ರೀತಿ. ಕಂದಾಯದ ಲೆಕ್ಕ, ಪರಿಹಾರ ಹಂಚಿದ ಪಟ್ಟಿ, ಯಾರೋ ಗುಮಾಸ್ತ ಮೇಲಿನವರಿಗೆ ಕಳಿಸಿದ ವರದಿ. ಮುನ್ನೂರು ವರ್ಷ ಬಿಟ್ಟು ಯಾರೋ ಇದನ್ನು ಓದುತ್ತಾರೆ ಅಂತ ಅವನು ಕನಸಿನಲ್ಲೂ ಅಂದುಕೊಂಡಿರುವುದಿಲ್ಲ.

ಅಂಥ ಗುಮಾಸ್ತರ ಕಡತದಿಂದಲೇ ಒಂದು ಭೂಕಂಪ ಹೊರಗೆ ಬಂತು. 1700ರ ಜನವರಿ ಕೊನೆಯಲ್ಲಿ ಜಪಾನಿನ ಪೂರ್ವ ಕರಾವಳಿಯ ಹಲವು ಕಡೆ ಸಮುದ್ರ ಉಕ್ಕಿ ಒಳಗೆ ಬಂತು. ಕುವಗಸಾಕಿ ಎಂಬ ಊರಿನಲ್ಲಿ ಮನೆಗಳು ಹೋದವು, ಬೆಂಕಿಯೂ ಬಿತ್ತು, ಅಧಿಕಾರಿಗಳು ಸಂತ್ರಸ್ತರಿಗೆ ಅಕ್ಕಿ ಹಂಚಿದರು. ಎಲ್ಲ ಬರಹದಲ್ಲಿದೆ. ವಿಚಿತ್ರ ಅಂದರೆ ನೆಲ ನಡುಗಿದ್ದು ಎಲ್ಲೂ ಬರೆದಿಲ್ಲ. ಸುನಾಮಿ ಇದೆ, ಅದನ್ನು ಹುಟ್ಟಿಸಿದ ಭೂಕಂಪ ಇಲ್ಲ.

ಪೆಸಿಫಿಕ್‌ನ ಆಚೆ ದಡದಲ್ಲಿ ಕಥೆ ಉಲ್ಟಾ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ ಸೀಡರ್ ಮರಗಳ ಒಂದು ಕಾಡೇ ನಿಂತ ಜಾಗದಲ್ಲಿ ಸತ್ತು ಬೆಳ್ಳಗಾಗಿ ನಿಂತಿದೆ. ನೆಲ ಇದ್ದಕ್ಕಿದ್ದಂತೆ ಕುಸಿದು ಉಪ್ಪುನೀರು ಬೇರಿಗೆ ನುಗ್ಗಿತ್ತು. 1980ರ ದಶಕದಲ್ಲಿ ಬ್ರಯಾನ್ ಅಟ್ವಾಟರ್ ಎಂಬ ಭೂವಿಜ್ಞಾನಿ ಆ ಕರಾವಳಿಯ ಜೌಗು ಮಣ್ಣನ್ನು ಅಗೆದು ನೋಡಿ, ಇಲ್ಲಿ ಭಾರಿ ಭೂಕಂಪ ಆಗಿದೆ ಅಂದರು. ಅಲ್ಲಿಯವರೆಗೆ ಆ ಭಾಗದಲ್ಲಿ ಅಷ್ಟು ದೊಡ್ಡದು ಆಗುವುದಿಲ್ಲ ಅಂತಲೇ ಬಹಳ ಜನ ನಂಬಿದ್ದರು. ಯಾವಾಗ ಆಯಿತು? ಅಲ್ಲಿ ಆಗ ಬರೆದಿಡುವವರು ಇರಲಿಲ್ಲ. 1996ರಲ್ಲಿ ಜಪಾನಿನ ಕೆಂಜಿ ಸತಾಕೆ ಮತ್ತು ಜೊತೆಯವರು ತಮ್ಮ ದೇಶದ ಹಳೇ ಕಡತಗಳ ಅಲೆಯನ್ನು ಹಿಂದಕ್ಕೆ ಲೆಕ್ಕ ಹಾಕಿದರು. ಬಂದ ಉತ್ತರ: 1700ರ ಜನವರಿ 26, ರಾತ್ರಿ ಸುಮಾರು 9 ಗಂಟೆ, ತೀವ್ರತೆ 9ರ ಆಸುಪಾಸು. ಆಮೇಲೆ ಮರಗಳ ಉಂಗುರ ಎಣಿಸಿದರು. ಕೊನೆಯ ಉಂಗುರ 1699ರದ್ದು, ಅಂದರೆ 1700ರ ಉಂಗುರ ಬೆಳೆಯುವ ಮೊದಲೇ ಮರ ಸತ್ತಿತ್ತು.

ಇದಕ್ಕೆ ಮೂರನೇ ಸಾಕ್ಷಿಯೂ ಇತ್ತು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ ಅಷ್ಟೇ. ಅದೇ ಕರಾವಳಿಯ ಉತ್ತರಕ್ಕೆ, ಕೆನಡಾದ ವ್ಯಾಂಕೂವರ್ ದ್ವೀಪದ ಮೂಲನಿವಾಸಿಗಳು ತಲೆಮಾರುಗಳಿಂದ ಒಂದು ಕಥೆ ಹೇಳಿಕೊಂಡು ಬಂದಿದ್ದರು: ಚಳಿಗಾಲದ ಒಂದು ರಾತ್ರಿ ನೆಲ ನಡುಗಿತು, ಆಮೇಲೆ ಕಡಲು ಬಂದು ಪಚೀನಾ ಕೊಲ್ಲಿಯ ಇಡೀ ಊರನ್ನೇ ಎಳೆದುಕೊಂಡು ಹೋಯಿತು. ಬಾಯಿಮಾತಿನ ಕಥೆ ಅಂದರೆ ಕಟ್ಟುಕಥೆ ಅಂತ ತಳ್ಳಿಹಾಕುವವರು ಇದನ್ನೊಮ್ಮೆ ನೆನೆಸಿಕೊಳ್ಳಬೇಕು. ಇವತ್ತು ಆ ಕರಾವಳಿಯಲ್ಲಿ ಕಟ್ಟಡದ ನಿಯಮ ಬಿಗಿಯಾಗಿದೆ, ಜನ ಯಾವ ದಾರಿಯಲ್ಲಿ ಓಡಬೇಕೆಂಬ ನಕ್ಷೆ ಇದೆ, ವೆಸ್ಟ್‌ಪೋರ್ಟ್ ಎಂಬಲ್ಲಿನ ಒಂದು ಶಾಲೆಯ ಮಾಳಿಗೆಯನ್ನು ಸುನಾಮಿ ಬಂದರೆ ಜನ ಹತ್ತಿ ನಿಲ್ಲಲಿ ಅಂತಲೇ ಗಟ್ಟಿಯಾಗಿ ಕಟ್ಟಿದ್ದಾರೆ. ಹಳೇ ಕಾಗದ ಓದಿ ಏನು ಉಪಯೋಗ ಅಂತ ಕೇಳುವವರಿಗೆ ನಾನು ಈ ಮಾಳಿಗೆ ತೋರಿಸುತ್ತೇನೆ.

ಇನ್ನೊಂದು ಉಪಯೋಗ ಅಷ್ಟು ಸೌಮ್ಯವಾದದ್ದಲ್ಲ. ಬ್ರಿಟನ್ನಿನ ಡೇವಿಡ್ ಇರ್ವಿಂಗ್ ಎಂಬ ಲೇಖಕ ತನ್ನನ್ನು ಯಹೂದಿ ನರಮೇಧವನ್ನು ನಿರಾಕರಿಸುವವನು ಅಂತ ಕರೆದರು ಎಂದು ಅಮೆರಿಕದ ಇತಿಹಾಸಕಾರ್ತಿ ಡೆಬೊರಾ ಲಿಪ್‌ಸ್ಟಾಟ್ ಮತ್ತು ಅವರ ಪ್ರಕಾಶಕರ ಮೇಲೆ 1996ರಲ್ಲಿ ಮಾನನಷ್ಟದ ಕೇಸು ಹಾಕಿದ. ಅಲ್ಲಿನ ಕಾನೂನಿನಲ್ಲಿ ಬರೆದದ್ದು ನಿಜ ಅಂತ ಸಾಬೀತು ಮಾಡುವ ಹೊಣೆ ಬರೆದವರದ್ದೇ. ಆಗ ರಿಚರ್ಡ್ ಇವಾನ್ಸ್ ಎಂಬ ಇತಿಹಾಸಕಾರ ಮಾಡಿದ್ದು ಬಹಳ ನೀರಸವಾದ ಕೆಲಸ. ಸಹಾಯಕರ ಜೊತೆ ಕೂತು ಇರ್ವಿಂಗ್ ಪುಸ್ತಕಗಳ ಅಡಿಟಿಪ್ಪಣಿಗಳನ್ನು ಹಿಡಿದು ಮೂಲ ಕಾಗದದವರೆಗೆ ಹೋಗಿ ನೋಡಿದರು. ಒಂದು ಉದಾಹರಣೆ ಸಾಕು. 1941ರ ನವೆಂಬರ್ 30ರಂದು ಹಿಟ್ಲರನ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ತನ್ನ ಫೋನ್ ಟಿಪ್ಪಣಿಯಲ್ಲಿ ಬರ್ಲಿನ್ನಿನಿಂದ ಹೊರಟ ಒಂದು ಯಹೂದಿ ಸಾಗಣೆಯ ಬಗ್ಗೆ, ಕೊಲ್ಲುವುದು ಬೇಡ ಅಂತ ಗುರುತು ಹಾಕಿಕೊಂಡಿದ್ದ. ಒಂದೇ ಒಂದು ರೈಲಿನ ಮಾತು. ಇರ್ವಿಂಗ್ ಅದನ್ನು ಯಹೂದಿಗಳನ್ನು ಕೊಲ್ಲಲೇಬಾರದು ಎಂಬ ಹಿಟ್ಲರನ ಸಾಮಾನ್ಯ ಆದೇಶ ಮಾಡಿಬಿಟ್ಟಿದ್ದ.

ತಪ್ಪು ಎಲ್ಲರಿಂದಲೂ ಆಗುತ್ತದೆ. ಆದರೆ ಅರಿಯದೆ ಆದ ತಪ್ಪುಗಳು ಒಂದು ಆ ಕಡೆ, ಒಂದು ಈ ಕಡೆ ಹೋಗುತ್ತವೆ. ಇವನ ತಪ್ಪುಗಳು ಒಂದೇ ಕಡೆ, ಹಿಟ್ಲರನಿಗೆ ಅನುಕೂಲವಾಗುವ ಕಡೆಗೇ ವಾಲುತ್ತಿದ್ದವು. 2000ದ ಏಪ್ರಿಲ್ 11ರಂದು ನ್ಯಾಯಾಧೀಶ ಚಾರ್ಲ್ಸ್ ಗ್ರೇ, ಇರ್ವಿಂಗ್ ಬೇಕಂತಲೇ ಪುರಾವೆ ತಿರುಚಿದ್ದಾನೆ ಅಂತ ತೀರ್ಪು ಕೊಟ್ಟರು.

ಈ ವಾಲುವಿಕೆಯನ್ನು ನೋಡುವ ಅಭ್ಯಾಸ ನನಗೆ ತುಂಬಾ ಕೆಲಸಕ್ಕೆ ಬಂದಿದೆ. ಇತಿಹಾಸವನ್ನು ತಿದ್ದಿ ಬರೀತಿದ್ದಾರೆ ಅಂತ ಎಲ್ಲ ಪಕ್ಷದವರೂ ಕೂಗುತ್ತಾರಲ್ಲ, ತಿದ್ದುವುದೇ ತಪ್ಪು ಅನ್ನುವಂತೆ. ಸತಾಕೆ ತಿದ್ದಿದರು, ಟರ್ನರ್ ತಿದ್ದಿದ. ಹಾಗಾಗಿ ಹೊಸ ಮಾತು ಕೇಳಿದಾಗ ನಾನು ಮೊದಲು ನೋಡುವುದು ಹೊಸ ಪುರಾವೆ ಏನು ಬಂತು ಅಂತ, ಆಮೇಲೆ ಆ ಬರಹಗಾರನಿಗೆ ಇಷ್ಟವಿಲ್ಲದ ಸಂಗತಿ ಒಂದಾದರೂ ಅವನ ಪುಸ್ತಕದೊಳಗೆ ಉಳಿದಿದೆಯಾ ಅಂತ. ಎರಡನೆಯದು ನೋಡಲು ಜಾಸ್ತಿ ಹೊತ್ತು ಬೇಕಾಗುತ್ತದೆ, ಪೂರ್ತಿ ಓದಬೇಕಲ್ಲ.