ಬಾಲಚಕ್ರದ ವಿಮಾನ ಮತ್ತು ನನ್ನ ಕಾಲುಗಳು

ಇಳಿದದ್ದು ಹೂವಿನಂತೆ. ಮೂರೂ ಚಕ್ರಗಳು ಒಟ್ಟಿಗೆ ನೆಲಕ್ಕೆ ಕೂತವು. ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಒಂದು ಸಣ್ಣ ವಿಮಾನ ನಿಲ್ದಾಣ, ಮಧ್ಯಾಹ್ನ ಮೂರು ಗಂಟೆ, ಎಡಗಡೆಯಿಂದ ಸಣ್ಣಗೆ ಗಾಳಿ. ವಿಮಾನದಲ್ಲಿ ನಾನೊಬ್ಬನೇ. ‘ಭಲೇ’ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಐದಾರು ಸೆಕೆಂಡು ಕಳೆಯುವಷ್ಟರಲ್ಲಿ ವಿಮಾನ ತಾನು ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತ್ತು.

ಅದು ಸಿಟಾಬ್ರಿಯಾ. ಬಟ್ಟೆ ಹೊದಿಸಿದ ರೆಕ್ಕೆ, ಒಬ್ಬರ ಹಿಂದೊಬ್ಬರು ಕೂರುವ ಎರಡು ಸೀಟು, ಬಾಲದಡಿ ಅಂಗೈಯಗಲದ ಚಕ್ರ. ಅಮೆರಿಕದ ಏರಾಂಕಾ ಎಂಬ ಹಳೆಯ ವಿಮಾನ ಕಂಪನಿಯ ವಂಶದ್ದು. ಬೆಂಗಳೂರಿನಲ್ಲಿ ಎಚ್‌ಎಎಲ್ ಕಟ್ಟಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕ್ ಕೂಡ ಅದೇ ಬಳಗದ್ದು ಎಂದು ತಿಳಿದಾಗ ಊರಿನ ನೆಂಟರು ಸಿಕ್ಕಷ್ಟು ಖುಷಿಯಾಗಿತ್ತು. ನೆಂಟರು ಎಂದಮೇಲೆ ಮುನಿಸಿಕೊಳ್ಳುವುದೂ ಉಂಟು ಎಂಬುದು ಆಗ ಹೊಳೆಯಲಿಲ್ಲ.

ಅದಕ್ಕೆ ಮುಂಚೆ ನಾನು ಹಾರಿಸಿದ್ದೆಲ್ಲ ಮೂಗಿನ ಕೆಳಗೆ ಚಕ್ರವಿರುವ ಸೆಸ್ನಾ. ಅದರ ಭಾರ ಮುಖ್ಯ ಚಕ್ರಗಳಿಗಿಂತ ಮುಂದಿರುತ್ತದೆ. ಸ್ವಲ್ಪ ಓರೆಯಾಗಿ ಇಳಿದರೂ ಆ ಭಾರವೇ ಎಳೆದು ನೇರ ಮಾಡುತ್ತದೆ. ಆ ಔದಾರ್ಯವನ್ನು ನಾನು ನನ್ನ ಕೈಚಳಕವೆಂದೇ ತಿಳಿದಿದ್ದೆ. ಸಿಟಾಬ್ರಿಯಾದಲ್ಲಿ ಭಾರ ಮುಖ್ಯ ಚಕ್ರಗಳ ಹಿಂದೆ. ಮೂಗು ತುಸು ತಿರುಗಿದರೂ ಹಿಂದಿನ ಭಾರ ತನ್ನ ಪಾಡಿಗೆ ಮುಂದಕ್ಕೆ ನುಗ್ಗಿ ಆ ತಿರುವನ್ನು ಇನ್ನಷ್ಟು ಹಿಗ್ಗಿಸುತ್ತದೆ. ಚಿಕ್ಕಂದಿನಲ್ಲಿ ಅಂಗೈ ಮೇಲೆ ಪೊರಕೆಯನ್ನು ನೆಟ್ಟಗೆ ನಿಲ್ಲಿಸುವ ಆಟ ಆಡುತ್ತಿದ್ದೆವಲ್ಲ, ಹಾಗೆಯೇ ಇದು. ಕೈ ಸುಮ್ಮನಾದ ಗಳಿಗೆಯೇ ಪೊರಕೆ ಬೀಳುತ್ತದೆ. ಇಲ್ಲಿ ಕೈಯ ಬದಲು ಕಾಲು.

ನನ್ನ ಕಾಲು ಸುಮ್ಮನಾಗಿತ್ತು. ಹೊಟ್ಟೆಯವರೆಗೆ ಎಳೆದು ಹಿಡಿದಿರಬೇಕಾದ ಸ್ಟಿಕ್ಕನ್ನೂ, ಅಂದರೆ ಕಾಲುಗಳ ನಡುವಿನ ನಿಯಂತ್ರಣ ಕೋಲನ್ನೂ, ಸಡಿಲ ಬಿಟ್ಟಿದ್ದೆ; ಹಾಗೆ ಬಿಟ್ಟರೆ ಬಾಲಚಕ್ರಕ್ಕೆ ನೆಲದ ಮೇಲೆ ಹಿಡಿತವಿರುವುದಿಲ್ಲ. ವೇಗ ಇಳಿದಂತೆ, ಕಾಲಿನ ಪೆಡಲುಗಳಿಂದ ತಿರುಗುವ ಬಾಲದ ಹಲಗೆಗೆ, ಅಂದರೆ ರಡ್ಡರಿಗೆ, ಬಡಿಯುವ ಗಾಳಿಯೂ ಕಡಿಮೆಯಾಗಿ ಅದರ ಬಲ ಕುಗ್ಗಿತು. ಎಡಗಡೆಯ ಗಾಳಿ ಬಾಲವನ್ನು ತಳ್ಳಿ ಮೂಗನ್ನು ಎಡಕ್ಕೆ ತಿರುಗಿಸಿತು. ನಾನು ಬಲ ಪೆಡಲ್ ಒತ್ತಿದೆ. ಒತ್ತಿದ್ದು ತಪ್ಪಲ್ಲ, ಒತ್ತಿ, ಏನಾಗುತ್ತದೋ ನೋಡೋಣವೆಂದು ಕಾದದ್ದು ತಪ್ಪು. ಮೂಗು ನಡುಗೆರೆ ದಾಟಿ ಬಲಕ್ಕೆ ಹಾರಿತು. ಗಾಬರಿಯಲ್ಲಿ ಎಡ ಪೆಡಲನ್ನು ಪೂರ್ತಿ ತುಳಿದೆ. ಅದಕ್ಕೆ ಗಾಳಿಯೂ ಕೈಜೋಡಿಸಿತು. ಕಿಟಕಿಯಾಚೆಯ ಒಣಹುಲ್ಲು, ಹ್ಯಾಂಗರುಗಳು, ಗಾಳಿಚೀಲ ಎಲ್ಲ ಅಡ್ಡಡ್ಡ ಓಡಿದವು. ಟೈರು ಕಿರುಚಿತು. ಬಲ ರೆಕ್ಕೆ ಬಾಗಿ, ಯಾರೋ ಗೋಣಿಚೀಲ ಎಳೆದಂತೆ ನೆಲಕ್ಕೆ ಉಜ್ಜಿತು. ಇದನ್ನೇ ಗ್ರೌಂಡ್ ಲೂಪ್ ಎನ್ನುತ್ತಾರೆ.

ಬೆಂಚಿನ ಮೇಲೆ ಕೂತಿದ್ದ ನನ್ನ ಬೋಧಕರು ಓಡಲಿಲ್ಲ, ನಡೆದೇ ಬಂದರು. ಎಪ್ಪತ್ತು ದಾಟಿದವರು. ನನ್ನ ಮುಖ ನೋಡಿದರು, ಆಮೇಲೆ ಪ್ರೊಪೆಲರ್ ನೋಡಿದರು. ಅದು ನೆಲಕ್ಕೆ ತಾಗಿದ್ದರೆ ಎಂಜಿನ್ನನ್ನೇ ಬಿಚ್ಚಿ ಪರೀಕ್ಷಿಸಬೇಕಿತ್ತು, ತಾಗಿರಲಿಲ್ಲ. ರೆಕ್ಕೆಯ ತುದಿಯಲ್ಲಿ ಬಟ್ಟೆ ಹರಿದು ಒಳಗಿನ ಅಂಚು ಕಾಣುತ್ತಿತ್ತು.

“ಸ್ಟಿಕ್ ಎಲ್ಲಿತ್ತು?” ಎಂದು ಕೇಳಿದರು.

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕೈ ನನ್ನದೇ, ಉತ್ತರ ಮಾತ್ರ ನನ್ನಲ್ಲಿರಲಿಲ್ಲ.

ಬಾಲಚಕ್ರದ ವಿಮಾನ ಹಾರಿಸಲು ಅಲ್ಲಿ ಪೈಲಟ್ ಲೈಸೆನ್ಸ್ ಒಂದೇ ಸಾಲದು, ಬೋಧಕರು ಲಾಗ್‌ಬುಕ್ಕಿನಲ್ಲಿ ಬೇರೆಯಾಗಿ ಸಹಿ ಹಾಕಬೇಕು. ನನ್ನ ಪುಸ್ತಕದಲ್ಲಿ ಆ ಸಹಿಯ ಶಾಯಿ ಇನ್ನೂ ಹೊಸತಾಗಿತ್ತು. ಅದನ್ನು ಅವರು ಹೊಡೆದು ಹಾಕಲಿಲ್ಲ. ಹಾಕಿದ್ದರೆ ನನಗೇ ಸಮಾಧಾನವಾಗುತ್ತಿತ್ತೇನೋ.

ರಿಪೇರಿಗೆ ಮೂರು ವಾರ ಹಿಡಿಯಿತು. ಮತ್ತೆ ಹಾರಿದ ದಿನ ಅವರು ಹಿಂದಿನ ಸೀಟಿನಲ್ಲಿದ್ದರು. ರನ್‌ವೇ ಮೇಲೆ ನನ್ನ ಟೈರು ಬರೆದ ಕಪ್ಪು ಬಳೆ ಇನ್ನೂ ಮಾಸಿರಲಿಲ್ಲ. ಅದರತ್ತ ನೋಡದೆ, ರನ್‌ವೇಯ ಕೊನೆಯನ್ನೇ ದಿಟ್ಟಿಸುತ್ತ ಇಳಿದೆ. ಸ್ಟಿಕ್ ಹೊಟ್ಟೆಗೆ ಒತ್ತಿತ್ತು, ಕಾಲುಗಳು ಹೊಲಿಗೆ ಯಂತ್ರ ತುಳಿದಂತೆ ಆಡುತ್ತಿದ್ದವು. ಪೆಟ್ರೋಲ್ ಪಂಪಿನ ಹತ್ತಿರ ಬಂದು ಎಂಜಿನ್ ನಿಲ್ಲಿಸಿದೆ. ಹಿಂದಿನಿಂದ ಭುಜದ ಮೇಲೊಂದು ಕೈ ಬಿತ್ತು.

“ಇನ್ನು ಕಾಲು ನಿಲ್ಲಿಸಬಹುದು, ವಿಮಾನ ನಿಂತಿದೆ.”