ಕ್ಯಾರವಾನಿನ ಹಿಂಬದಿ ಕ್ಯಾಮೆರಾ: ಕೆಟ್ಟದ್ದು ಎಲ್ಲಿ, ಬದಲಿಸಿದ್ದು ಹೇಗೆ

ಟೆಂಪೊ ಟ್ರಾವೆಲರನ್ನು ಕ್ಯಾರವಾನ್ ಮಾಡಿದ ಮೇಲೆ ಒಳಗಿನ ಕನ್ನಡಿಯಲ್ಲಿ ಮಂಚ, ಕಪಾಟು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ರಿವರ್ಸ್ ಹಾಕುವಾಗ ಮಾತ್ರವಲ್ಲ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎಕ್ಸ್‌ಪ್ರೆಸ್ ಬಸ್ಸು ಬೆನ್ನಿಗೆ ಅಂಟಿಕೊಂಡು ಬರುವಾಗಲೂ ಹಿಂಬದಿ ಕ್ಯಾಮೆರಾ ಆನ್ ಇರಬೇಕು.

ಮಂಗಳೂರು ಬೈಕಂಪಾಡಿಯ ನಮ್ಮ ಶೆಡ್ಡಿಗೆ ಬಂದ ಈ ಗಾಡಿಯ ದೂರು ಕರಾವಳಿಯಲ್ಲಿ ಮಾಮೂಲು. ಮಳೆ ಬಂದರೆ ಚಿತ್ರ ಕುಣಿಯುತ್ತದೆ, ಬಿಸಿಲು ಬಿದ್ದರೆ ಸರಿಯಾಗುತ್ತದೆ, ಈಗ ಪರದೆ ಪೂರ್ತಿ ನೀಲಿ. "ಕ್ಯಾಮೆರಾ ಹೋಗಿದೆ, ಅದೊಂದನ್ನು ಬದಲಿಸಿ ಕೊಡಿ ಮಾರಾಯ್ರೆ" ಎಂದರು ಗಾಡಿಯವರು. ಮಳೆ ಬಿಸಿಲಿಗೆ ತಕ್ಕಂತೆ ಬಂದುಹೋಗುವ ದೋಷ ಹೆಚ್ಚಾಗಿ ಕನೆಕ್ಟರಿನದು.

ಮಲ್ಟಿಮೀಟರ್ ಹಿಡಿಯುವುದರಲ್ಲೂ ಕ್ರಮವಿದೆ. ಕ್ಯಾಮೆರಾ ಕಳಚಿ ಅಳೆದರೆ ಹಿಂಬದಿಯಲ್ಲೂ 12 ವೋಲ್ಟ್ ತೋರಿಸಿತು. ಕ್ಯಾಮೆರಾ ಜೋಡಿಸಿಯೇ ಅಳೆದಾಗ ಅದು 7ಕ್ಕೆ ಇಳಿಯಿತು. ಕರೆಂಟ್ ಹರಿದಾಗ ಮಾತ್ರ ಕಿಲುಬಿನ ತಡೆ ಬಯಲಾಗುತ್ತದೆ. ಬಂಪರಿನ ಮೇಲಿದ್ದ ನಾಲ್ಕು ಪಿನ್ನಿನ ಕನೆಕ್ಟರ್ ಬಿಚ್ಚಿದರೆ ಪಿನ್ನುಗಳೆಲ್ಲ ಹಸಿರು. ತಾಮ್ರದ ಎಳೆಗಳೂ ಒಳಗೆ ಒಂದು ಗೇಣು ಕಪ್ಪಾಗಿದ್ದವು. ಹೀಗಾದ ಕೇಬಲಿಗೆ ಹೊಸ ಕ್ಯಾಮೆರಾ ಕೊಟ್ಟರೆ ಮುಂದಿನ ಆಟಿಯ ಮಳೆಯಲ್ಲಿ (ತುಳುವರ ಮಳೆಗಾಲದ ತಿಂಗಳು) ಅದೇ ಕತೆ. ಲೆನ್ಸಿನ ಒಳಗೂ ಮಂಜು ಕಟ್ಟಿದ್ದರಿಂದ ಇಡೀ ಸೆಟ್ಟನ್ನೇ ಬದಲಿಸಿದೆವು: ಎಎಚ್‌ಡಿ (ಹೆಚ್ಚು ಸ್ಪಷ್ಟ ಚಿತ್ರ ಕೊಡುವ ಸಿಗ್ನಲ್) 1080ಪಿ ಕ್ಯಾಮೆರಾ, ಅದಕ್ಕೆ ಹೊಂದುವ 7 ಇಂಚಿನ ಮಾನಿಟರ್, ಕೇಬಲ್. ಹಳೆಯ ಸಾದಾ ಅನಲಾಗ್ ಮಾನಿಟರಿಗೆ ಎಎಚ್‌ಡಿ ಸಿಗ್ನಲ್ ತಿಳಿಯುವುದಿಲ್ಲ, ಆದ್ದರಿಂದ ಅದನ್ನು ಉಳಿಸಿಕೊಳ್ಳುವ ಹಾಗಿರಲಿಲ್ಲ. ಬಸ್ ಚಾಸಿಯ ಮೇಲೆ ಕಟ್ಟಿದ ಗಾಡಿಯಾದರೆ ಬ್ಯಾಟರಿ ಹೆಚ್ಚಾಗಿ 24 ವೋಲ್ಟಿನದು; ಬರೀ 12 ವೋಲ್ಟಿನ ಕ್ಯಾಮೆರಾ ಅಲ್ಲಿ ಸುಟ್ಟುಹೋಗಬಹುದು, ಲೇಬಲ್ ಓದಿ ಕೊಳ್ಳಬೇಕು.

ಗಾಡಿ 7 ಮೀಟರ್ ಇದ್ದರೂ 10 ಮೀಟರ್ ಕೇಬಲ್ ಸಾಲದು. ಹಿಂಬದಿಯಲ್ಲಿ ಮೇಲೇರಿ, ಚಾವಣಿಯುದ್ದಕ್ಕೂ ಸಾಗಿ, ಮುಂದಿನ ಕಂಬದಲ್ಲಿ ಇಳಿಯಬೇಕು. 15 ಮೀಟರಿನದೇ ತನ್ನಿ, ನಡುವೆ ಜೋಡಣೆ ಬೇಡ. ಉಳಿದದ್ದನ್ನು ಇನ್‌ವರ್ಟರಿನ ಹತ್ತಿರ ಸುತ್ತಿಡಬಾರದು, ಪರದೆಯಲ್ಲಿ ಗೆರೆಗಳು ಹರಿಯುತ್ತವೆ. ಎಳೆಯಲು ಹಳೆಯ ಕೇಬಲೇ ದಾರ. ಮೊದಲು ಕಪಾಟಿನ ಹಿಂದಿನ ಕ್ಲಿಪ್ಪುಗಳನ್ನೆಲ್ಲ ಬಿಡಿಸಿ, ಹಳೆಯದರ ಕನೆಕ್ಟರ್ ಕತ್ತರಿಸಿ, ಹೊಸದರ ತುದಿಯನ್ನು ಒಂದು ಗೇಣು ಪಕ್ಕಪಕ್ಕ ಇಟ್ಟು ಟೇಪ್ ಸುತ್ತಿ. ಜೊತೆಗೊಂದು ನೈಲಾನ್ ಹಗ್ಗವನ್ನೂ ಕಟ್ಟಿ ಒಳಗೇ ಬಿಡಿ. ಮುಂದೆ ಒಬ್ಬರು ಎಳೆಯುವಾಗ ಹಿಂದೆ ಒಬ್ಬರು ನೂಕಬೇಕು. ಜೋರು ಮಾಡಿದರೆ ಟೇಪ್ ಬಿಟ್ಟು ಅರ್ಧ ದಿನ ಹೋಗುತ್ತದೆ.

ನೀರು ತಡೆಯುವ ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟರೂ ಹೆಚ್ಚಲ್ಲ. ತೂತಿನ ಬರಿ ತಗಡಿನ ಅಂಚಿಗೆ ಜಿಂಕ್ ಪ್ರೈಮರ್ ಬಳಿದು, ಒಣಗಿದ ಮೇಲೆ ರಬ್ಬರ್ ಗ್ರೋಮೆಟ್ (ಕೇಬಲ್ ಹಾಯುವ ಬಳೆ) ಕೂರಿಸಿದೆವು. ವಿನೆಗರ್ ವಾಸನೆಯ ಸಿಲಿಕೋನ್ ಬೇಡವೇ ಬೇಡ, ಅದರ ಆಮ್ಲ ಲೋಹವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಕೇಳಿ ತನ್ನಿ. ಬ್ರಾಕೆಟ್ಟಿನ ಮೇಲೆ ಮತ್ತು ಎರಡು ಬದಿ ಸೀಲ್ ಮಾಡಿ, ಕೆಳಗಿನ ಅಂಚು ತೆರೆದಿರಲಿ, ಒಳಹೊಕ್ಕ ನೀರಿಗೆ ದಾರಿ ಬೇಕು. ಸ್ಕ್ರೂ 316 ಸ್ಟೇನ್‌ಲೆಸ್, ಅಲ್ಯೂಮಿನಿಯಂ ಬ್ರಾಕೆಟ್ಟಿಗೂ ಅದಕ್ಕೂ ನಡುವೆ ನೈಲಾನ್ ವಾಷರ್. ಉಪ್ಪುಗಾಳಿಯಲ್ಲಿ ಆ ಎರಡು ಲೋಹ ನೇರ ತಾಗಿದರೆ ಅಲ್ಯೂಮಿನಿಯಂ ಪುಡಿಯಾಗುತ್ತದೆ. ಕನೆಕ್ಟರನ್ನು ಗಾಡಿಯ ಒಳಗೇ ತಂದು ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ, ಒಳಗೆ ಅಂಟು ಬಳಿದ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ತೊಡಿಸಿದೆವು. ಹೊರಗಿನ ಕೇಬಲ್ ತೂತಿಗಿಂತ ಕೆಳಗೆ ಜೋತು ಮತ್ತೆ ಮೇಲೇರಿ ಒಳಹೋಗಬೇಕು. ಹನಿ ಆ ಜೋಲಿನಲ್ಲೇ ಬೀಳುತ್ತದೆ.

ಮಾನಿಟರಿನ ಕೆಂಪು ವಯರ್ ಕೀಲಿಯ ಲೈನಿಗೆ, 2 ಆಂಪಿಯರ್ ಫ್ಯೂಸ್ ಮೂಲಕ. ರಿವರ್ಸ್ ಹಾಕಿದ್ದನ್ನು ಮಾನಿಟರಿಗೆ ತಿಳಿಸುವ ಟ್ರಿಗರ್ ವಯರ್ ರಿವರ್ಸ್ ಲೈಟಿನ ಪ್ಲಸ್ಸಿಗೆ. ಕ್ಯಾಮೆರಾಕ್ಕೆ ಮನೆ ಬ್ಯಾಟರಿ (ಕ್ಯಾರವಾನಿನ ಒಳಗಿನ ಬಳಕೆಯದು), ಮಾನಿಟರಿಗೆ ಇಂಜಿನ್ ಬ್ಯಾಟರಿ ಎಂದು ಬೇರೆ ಮಾಡಿದರೆ ಎರಡು ಅರ್ಥ್‌ಗಳ ನಡುವಿನ ವ್ಯತ್ಯಾಸ ಚಿತ್ರದಲ್ಲಿ ಪಟ್ಟೆಯಾಗಿ ಕಾಣಬಹುದು.

ಕೊನೆಗೆ ಚಿತ್ರ ಕನ್ನಡಿಯಂತೆ ತಿರುಗಿದೆಯೇ ನೋಡಿ, ಬಂಪರಿನ ಅಂಚು ಪರದೆಯ ಬುಡದಲ್ಲಿ ಸ್ವಲ್ಪ ಕಾಣುವಂತೆ ಕೋನ ಇಟ್ಟೆವು. ಬರುವಾಗಲೇ ಇರುವ ಗೈಡ್ ಗೆರೆಗಳನ್ನು ನಂಬಬೇಡಿ, ಅವು ಕಾರಿನ ಎತ್ತರಕ್ಕೆ ಹಾಕಿದವು. ಬಂಪರಿನಿಂದ 1, 2, 3 ಮೀಟರಿನಲ್ಲಿ ಸೀಮೆಸುಣ್ಣದ ಗೆರೆ ಎಳೆದು ಹೊಂದಿಸಿ, ಹೊಂದದಿದ್ದರೆ ಆಫ್ ಮಾಡಿ. ಆಮೇಲೆ ಇಂಜಿನ್, ಇನ್‌ವರ್ಟರ್, ಫ್ಯಾನ್ ಎಲ್ಲ ಚಾಲೂ ಇಟ್ಟು ಪೈಪಿನಲ್ಲಿ ನೀರು ಬಿಟ್ಟು ಪರೀಕ್ಷೆ.

ಮಲ್ಪೆ, ಮರವಂತೆ ಕಡೆ ಕಡಲಬದಿಯಲ್ಲಿ ರಾತ್ರಿ ನಿಂತ ಗಾಡಿಯ ಕ್ಯಾಮೆರಾಕ್ಕೆ ಮರುದಿನ ಒಂದು ಬಾಟಲಿ ಸಿಹಿನೀರು ಹೊಯ್ದೇ ಒರೆಸಬೇಕು. ಒಣ ಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳು ಲೆನ್ಸನ್ನು ಗೀರುತ್ತದೆ.