ಶಾಲೆಯ ಗಂಟೆ ಯಾರ ಕೈಗೆ ಹೋಯಿತು?

ನಾನು ಬಿಡುವಿನಲ್ಲಿ ಓದುವ ಕಾದಂಬರಿಗಳಲ್ಲಿ ಒಂದು ಬಗೆಯಿದೆ. ನಮ್ಮ ಮನೆಯಲ್ಲಿ ಅದಕ್ಕೆ ‘ಟೀಚರ್ ಮದುವೆ ಕಥೆ’ ಎಂದೇ ಹೆಸರು ಬಿದ್ದಿದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಪಶ್ಚಿಮ ಸೀಮೆ, ಕಣ್ಣು ಹಾಯಿಸಿದಷ್ಟು ದೂರ ಹುಲ್ಲು, ನಡುವೆ ಒಂದೇ ಕೋಣೆಯ ಶಾಲೆ. ಪೂರ್ವದ ಯಾವುದೋ ಪಟ್ಟಣದಿಂದ ಒಂದು ಟ್ರಂಕು ಹಿಡಿದು ಬಂದಿಳಿಯುವ ಅವಿವಾಹಿತ ಟೀಚರು. ಹೆಂಡತಿ ತೀರಿಕೊಂಡ ಮೇಲೆ ಮಾತನ್ನೇ ಕಡಿಮೆ ಮಾಡಿದ ಒಬ್ಬ ರೈತ. ಅವನ ಮಗನೋ ಮಗಳೋ ಆ ಶಾಲೆಯ ಮುಂದಿನ ಬೆಂಚಿನಲ್ಲಿ. ಕೊನೆಗೆ ಮದುವೆಯಾಗುತ್ತದೆ ಎಂಬುದು ಮೊದಲ ಪುಟದಲ್ಲೇ ತಿಳಿದಿರುತ್ತದೆ, ಹಾಗೆ ತಿಳಿದಿರುವುದೇ ಓದಿನ ಸುಖ. ಕೈಗೆ ಕೈ ತಾಗಿದರೆ ಅದೇ ಒಂದು ಅಧ್ಯಾಯ. ಉಡುಪಿಯಲ್ಲಿ ಆಟಿಯ ಮಳೆ ಹಿಡಿದು ಮಧ್ಯಾಹ್ನವೇ ಕರೆಂಟು ಹೋದಾಗ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳವನ್ನು ಮುರಿಯುತ್ತ, ಹಿಮಬಿರುಗಾಳಿಯ ಅಧ್ಯಾಯವನ್ನು ಓದುವುದಕ್ಕೆ ಸಮನಾದ ಸುಖ ನನಗೆ ಬೇರೆ ಗೊತ್ತಿಲ್ಲ.

ಇಂಥ ಕಥೆಗಳನ್ನು ಓದಿ ಓದಿ ನನ್ನದೇ ಒಂದು ಪರೀಕ್ಷೆ ಹುಟ್ಟಿಕೊಂಡಿದೆ. ಮದುವೆಯಾದ ಮೇಲೆ ಶಾಲೆಯ ಗಂಟೆ ಯಾರ ಕೈಗೆ ಹೋಯಿತು ಎಂದು ಕೊನೆಯ ಪುಟಗಳಲ್ಲಿ ಹುಡುಕುತ್ತೇನೆ. ಮುನ್ನೂರು ಪುಟಗಳ ಉದ್ದಕ್ಕೂ ಆ ಗಂಟೆಯನ್ನು ಬಾರಿಸಿದವಳು, ಒಲೆಗೆ ಸೌದೆ ಹಾಕಿದವಳು, ತನಗಿಂತ ಎತ್ತರದ ಹುಡುಗರಿಗೆ ಭಾಗಾಕಾರ ಕಲಿಸಿದವಳು ಕೊನೆಯ ಪುಟದಲ್ಲಿ ರೊಟ್ಟಿ ಬೇಯಿಸುತ್ತ ನಗುತ್ತಿರುತ್ತಾಳೆ. ಶಾಲೆ ಏನಾಯಿತು ಎಂಬ ಮಾತೇ ಇರುವುದಿಲ್ಲ. ಹತ್ತರಲ್ಲಿ ಎಂಟು ಕಾದಂಬರಿಗಳು ನನ್ನ ಪರೀಕ್ಷೆಯಲ್ಲಿ ಹೀಗೆಯೇ ನಪಾಸಾಗುತ್ತವೆ.

ಟೀಚರು ಮತ್ತು ವಿಧುರ ಎದುರುಬದುರಾಗುವುದು ಕೇವಲ ಲೇಖಕರ ಕಲ್ಪನೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಇತಿಹಾಸ ಓದತೊಡಗಿದ ಮೇಲೆ, ಆ ನಾಡಿನ ಭೂಮಿಯ ಲೆಕ್ಕಾಚಾರವೇ ಅವರಿಬ್ಬರನ್ನು ಎದುರು ತಂದು ನಿಲ್ಲಿಸಿತ್ತು ಎಂಬುದು ಅರ್ಥವಾಯಿತು. 1785ರ ಭೂಮಾಪನ ಶಾಸನದ ಪ್ರಕಾರ ‘ಟೌನ್‌ಶಿಪ್’ ಎಂದು ಕರೆದ ಪ್ರತಿಯೊಂದು ಚೌಕ ಭೂಭಾಗವನ್ನು ಒಂದೊಂದು ಚದರ ಮೈಲಿಯ 36 ತುಂಡುಗಳಾಗಿ ಅಳೆದು, ಅದರಲ್ಲಿ 16ನೆಯ ತುಂಡನ್ನು ಶಾಲೆಗಾಗಿ ಮೀಸಲಿಟ್ಟರು. ಅಂದರೆ ಅಲ್ಲಿ ವಲಸೆಗಾರರು ಬಂದು ನೆಲಸುವ ಮೊದಲೇ ಶಾಲೆಯ ಪಾಲು ನಕಾಶೆಯ ಮೇಲೆ ಬಿದ್ದಿತ್ತು. 1862ರ ಹೋಮ್‌ಸ್ಟೆಡ್ ಕಾಯಿದೆ ಐದು ವರ್ಷ ನೆಲಸಿ ಕೃಷಿ ಮಾಡಿದವರಿಗೆ 160 ಎಕರೆ ಕೊಟ್ಟಿತು. ಒಬ್ಬೊಬ್ಬರದು ಅಷ್ಟು ದೊಡ್ಡ ಹಿಡುವಳಿಯಾದರೆ ನೆರೆಮನೆ ಎಲ್ಲಿ ಉಳಿಯಿತು? ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡರೆ, ಅದು ಆ ಕಾಲದಲ್ಲಿ ಅಪರೂಪವೇನಲ್ಲ, ಮಗುವನ್ನು ಎತ್ತಿಕೊಳ್ಳಲು ಅತ್ತೆಯಿಲ್ಲ, ನಾದಿನಿಯಿಲ್ಲ. ಆ ಮನೆಯ ಮಗು ಅಪ್ಪನಲ್ಲದೆ ಬೇರೆ ದೊಡ್ಡವರೊಬ್ಬರನ್ನು ದಿನವೂ ಕಾಣುವುದಿದ್ದರೆ ಅದು ಶಾಲೆಯಲ್ಲಿ ಮಾತ್ರ.

ಇನ್ನು ಟೀಚರುಗಳು ಹೆಣ್ಣುಮಕ್ಕಳೇ ಆದದ್ದಕ್ಕೆ ಕಾರಣ ಅಷ್ಟೇನೂ ಸಿಹಿಯಲ್ಲ: ಅವರಿಗೆ ಗಂಡಸರಿಗಿಂತ ಕಡಿಮೆ ಸಂಬಳ ಕೊಟ್ಟರೆ ಸಾಕಿತ್ತು. ಕ್ಯಾಥರೀನ್ ಬೀಚರ್ ಎಂಬಾಕೆ, ಪೂರ್ವದಲ್ಲಿ ಓದಿದ ಅವಿವಾಹಿತೆಯರನ್ನು ಪಶ್ಚಿಮದ ಶಾಲೆಗಳಿಗೆ ಕಳುಹಿಸಬೇಕೆಂದು ಊರೂರು ತಿರುಗಿ ಪ್ರಚಾರ ಮಾಡಿದವರು; 1847ರಲ್ಲಿ ಅದಕ್ಕೊಂದು ಮಂಡಳಿಯೇ ಹುಟ್ಟಿ, ಮುಂದಿನ ಹತ್ತು ಹನ್ನೊಂದು ವರ್ಷಗಳಲ್ಲಿ ಸುಮಾರು 600 ಮಂದಿಯನ್ನು ಕಳುಹಿಸಿತು. ಆ ಹುಡುಗಿಯರಿಗೆ ಅನೇಕ ಕಡೆ ಬೇರೆ ಬಿಡಾರವೂ ಇರಲಿಲ್ಲ. ಒಂದೊಂದು ವಾರ ಒಂದೊಂದು ವಿದ್ಯಾರ್ಥಿಯ ಮನೆಯಲ್ಲಿ ಉಂಡು ಮಲಗುವುದು ಸಂಬಳದ ಒಂದು ಭಾಗವೆಂದೇ ಲೆಕ್ಕ. ನಮ್ಮ ಹಳ್ಳಿಗಳಲ್ಲಿ ಹಿಂದೆ ಪಾಠ ಹೇಳುವ ಐಗಳು ಮನೆ ಮನೆಯಿಂದ ಅಕ್ಕಿ ಕಾಯಿ ಪಡೆಯುತ್ತಿದ್ದುದು ನನಗೆ ಇಲ್ಲಿ ನೆನಪಾಗುತ್ತದೆ. ಆದರೆ ಐಗಳಿಗೆ ಅಕ್ಕಿ ಬರುತ್ತಿತ್ತು, ಈ ಹುಡುಗಿ ತಾನೇ ಹೋಗಬೇಕಾಗಿತ್ತು. ಎಲ್ಲರ ಅಡುಗೆಮನೆಯನ್ನೂ ಕಂಡವಳು ವಿಧುರನ ಅಡುಗೆಮನೆಯನ್ನು ಮಾತ್ರ ಕಾಣುವಂತಿಲ್ಲ, ಊರವರು ಬಿಟ್ಟಾರೆಯೇ? ಕಾದಂಬರಿಯವರು ಅದಕ್ಕಾಗಿಯೇ ಹಿಮಬಿರುಗಾಳಿ ತರುತ್ತಾರೆ. ಅದು ಬೀಸಿತೆಂದರೆ ಯಾರು ಯಾರ ಮನೆಯಲ್ಲಿ ಮೂರು ರಾತ್ರಿ ಉಳಿದರೂ ಅಪವಾದವಿಲ್ಲ.

ಬಿರುಗಾಳಿಯೇನೋ ಕಟ್ಟುಕಥೆಯಲ್ಲ. 1888ರ ಜನವರಿ 12ರಂದು ನೆಬ್ರಾಸ್ಕ, ಡಕೋಟ ಸೀಮೆಗಳಲ್ಲಿ ಬೆಳಿಗ್ಗೆ ಹವೆ ಹಿತವಾಗಿ ಬೆಚ್ಚಗಿತ್ತು. ಅನೇಕ ಮಕ್ಕಳು ದಪ್ಪ ಕೋಟು ತೊಡದೆ ಶಾಲೆಗೆ ಬಂದರು. ಶಾಲೆಯ ಹೊತ್ತಿನಲ್ಲೇ ಬಿರುಗಾಳಿ ಬಂದೆರಗಿತು. ಸತ್ತವರು 235 ಮಂದಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಅವರಲ್ಲಿ ಮಕ್ಕಳು ಬಹಳ. ನೆಬ್ರಾಸ್ಕದ ಮಿನ್ನಿ ಫ್ರೀಮನ್ ಎಂಬ ಯುವ ಶಿಕ್ಷಕಿಯ ಶಾಲೆಯ ಛಾವಣಿಯೇ ಕಿತ್ತುಹೋದಾಗ ಆಕೆ ಮಕ್ಕಳನ್ನೆಲ್ಲ ಒಟ್ಟುಗೂಡಿಸಿಕೊಂಡು ಹತ್ತಿರದ ತೋಟದ ಮನೆಗೆ ಸೇರಿಸಿ ದೇಶಕ್ಕೆಲ್ಲ ಪರಿಚಿತಳಾದಳು. ಈಗ ನಮ್ಮಲ್ಲಿ ಮಳೆಯ ಮುನ್ಸೂಚನೆ ನೋಡಿ ಜಿಲ್ಲಾಧಿಕಾರಿಗಳು ಹಿಂದಿನ ರಾತ್ರಿಯೇ ರಜೆ ಘೋಷಿಸುತ್ತಾರೆ. ಅಲ್ಲಿ ಮಕ್ಕಳನ್ನು ಮನೆಗೆ ಬಿಡಬೇಕೋ ಒಳಗೇ ಇರಿಸಿಕೊಳ್ಳಬೇಕೋ ಎಂಬ ತೀರ್ಮಾನ ಇಪ್ಪತ್ತರ ಆಚೀಚೆಯ ಹುಡುಗಿಯೊಬ್ಬಳದು, ಆಕೆಗೆ ಕೇಳಲು ಯಾರೂ ಇರಲಿಲ್ಲ. ಅಂಥ ದಿನವನ್ನು ದಾಟಿ ಬಂದವಳನ್ನು ಕೊನೆಯ ಅಧ್ಯಾಯದಲ್ಲಿ ಬರೀ ನಾಚುವವಳಾಗಿ ಮಾಡಿಬಿಟ್ಟರೆ ನನಗೆ ಸಿಟ್ಟು ಬರುತ್ತದೆ.

ಈ ಕಥೆಗಳಲ್ಲಿ ನನಗೆ ಬಹಳ ಇಷ್ಟವಾಗುವುದು ಬುತ್ತಿಯ ಏಲಂ. ನಮ್ಮ ಕಡೆ ದೇವಸ್ಥಾನದಲ್ಲೋ ಇಗರ್ಜಿಯಲ್ಲೋ ಬಾಳೆಗೊನೆ, ಕುಂಬಳಕಾಯಿ ಏಲಂ ಆಗುವಂತೆ, ಅಲ್ಲಿ ಹೆಂಗಸರು ಊಟ ಕಟ್ಟಿ ಅಲಂಕರಿಸಿದ ಪೆಟ್ಟಿಗೆಗಳನ್ನು ಏಲಂ ಕೂಗುತ್ತಿದ್ದರು. ಕೊಂಡವನು ಆ ಪೆಟ್ಟಿಗೆಯ ಒಡತಿಯ ಜೊತೆ ಕುಳಿತು ಉಣ್ಣಬೇಕು, ಹಣ ಶಾಲೆಗೆ. ಯಾರದು ಯಾವುದು ಎಂಬುದು ಗುಟ್ಟು ಎಂದು ಹೇಳುತ್ತಿದ್ದರು, ಊರಿಗೆಲ್ಲ ತಿಳಿದೇ ಇರುತ್ತಿತ್ತು. ಜಿಪುಣನೆಂದು ಹೆಸರಾದ ವಿಧುರ ಒಂದೇ ಒಂದು ಪೆಟ್ಟಿಗೆಗೆ ಬೆಲೆ ಏರಿಸುತ್ತ ಹೋಗುವ ದೃಶ್ಯವನ್ನು ನಾನು ಎಷ್ಟು ಬಾರಿ ಓದಿದರೂ ಬೇಸರಪಡುವುದಿಲ್ಲ.

ಆ ಹುಲ್ಲುಗಾವಲು ಖಾಲಿ ಇತ್ತು ಎಂಬಂತೆ ಬರೆಯುವುದು ಈ ಬಗೆಯ ದೊಡ್ಡ ದೋಷ. ಪೌನಿ, ಲಕೋಟ ಮೊದಲಾದ ಮೂಲನಿವಾಸಿ ಜನರಿಂದ ಕಿತ್ತುಕೊಂಡ ನೆಲದ ಮೇಲೆ ಆ ಶಾಲೆಗಳು ನಿಂತಿದ್ದವು. ಅದನ್ನು ಮರೆತು ಓದಲು ಈಗ ನನ್ನಿಂದ ಆಗುವುದಿಲ್ಲ.

ಗಂಟೆಯ ವಿಷಯಕ್ಕೆ ಮರಳುತ್ತೇನೆ. ಮದುವೆಯಾದ ಹೆಂಗಸನ್ನು ಕೆಲಸದಲ್ಲಿ ಇಟ್ಟುಕೊಳ್ಳದಿರುವುದು ಅಮೆರಿಕದ ಅನೇಕ ಶಾಲಾ ಮಂಡಳಿಗಳ ಪದ್ಧತಿಯಾಗಿತ್ತು. ಎಷ್ಟೋ ಕಡೆ ಅದು ಬರಹದ ನಿಯಮವಾಗಿ ಎರಡನೆಯ ಮಹಾಯುದ್ಧದವರೆಗೂ ಉಳಿಯಿತು. ಆದ್ದರಿಂದ ಕಾದಂಬರಿಯಲ್ಲಿ ರೈತ ಹುಲ್ಲಿನ ನಡುವೆ ಟೋಪಿ ತೆಗೆದು ‘ನನ್ನನ್ನು ಮದುವೆಯಾಗುವಿರಾ’ ಎಂದು ಕೇಳುವಾಗ, ಆ ಪ್ರಶ್ನೆಯೊಳಗೆ ‘ಕೆಲಸ ಬಿಡುವಿರಾ’ ಎಂಬುದೂ ಸೇರಿರುತ್ತದೆ. ಒಳ್ಳೆಯ ಲೇಖಕಿ ಆ ಎರಡನೆಯ ಪ್ರಶ್ನೆಯ ಭಾರವನ್ನು ಓದುಗರ ಕೈಗೆ ಕೊಡುತ್ತಾಳೆ. ಉಳಿದವರು ಅದನ್ನು ಸೂರ್ಯಾಸ್ತದಲ್ಲಿ ಮುಚ್ಚಿಬಿಡುತ್ತಾರೆ.

ನನಗೇಕೆ ಈ ಹಟವೆಂದರೆ, ನಮ್ಮ ಮನೆಯಲ್ಲೇ ಇಂಥದೊಂದು ಮದುವೆ ನಡೆದಿತ್ತು. ನನ್ನ ಅಜ್ಜಿಯ ತಂಗಿ, ನಮಗೆಲ್ಲ ‘ಟೀಚರಜ್ಜಿ’, ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಂಗಳೂರಿನಲ್ಲಿ ಟ್ರೈನಿಂಗ್ ಮುಗಿಸಿ ಬೋರ್ಡು ಶಾಲೆಗೆ ಸೇರಿದವರು. ದಕ್ಷಿಣ ಕನ್ನಡ ಆಗ ಇನ್ನೂ ಮದ್ರಾಸಿಗೆ ಸೇರಿತ್ತು. ಅವರಿಗೆ ಸಿಕ್ಕಿದ್ದು ಹೆಬ್ರಿಯಿಂದಾಚೆ, ಘಟ್ಟದ ಬುಡದ ಒಂದು ಏಕೋಪಾಧ್ಯಾಯ ಶಾಲೆ. ಗಡಿನಾಡೆಂದರೆ ನಮ್ಮವರಿಗೆ ಕಾಸರಗೋಡು. ಊರು ಮುಗಿದು ಕಾಡು ಶುರುವಾಗುವ ಅರ್ಥದ ಗಡಿ ನಮಗೆ ಘಟ್ಟದ ಬುಡವೇ. ಪಟೇಲರ ಮನೆಯ ಬದಿಯ ಕೋಣೆಯಲ್ಲಿ ಬಿಡಾರ. ಜಾತಕದಲ್ಲಿ ಕುಜದೋಷವೆಂದು ಬಂದ ಸಂಬಂಧಗಳೆಲ್ಲ ತಪ್ಪಿ, ಇಪ್ಪತ್ತಾರು ದಾಟಿ, ಮನೆಯವರು ಆ ಮಾತನ್ನೇ ಬಿಟ್ಟಿದ್ದರು.

ಒಂದನೆಯ ತರಗತಿಯಲ್ಲಿ ತಾಯಿಯಿಲ್ಲದ ಒಬ್ಬಳು ಹುಡುಗಿಯಿದ್ದಳು. ಅವಳ ಜಡೆ ಒಂದು ವಿಚಿತ್ರ. ಅಪ್ಪನಿಗೆ ಗೊತ್ತಿದ್ದದ್ದು ದನಕ್ಕೆ ಹಗ್ಗ ಹೊಸೆಯುವುದು. ಮಗಳ ಕೂದಲನ್ನೂ ಎರಡು ಎಳೆ ಮಾಡಿ ಹಗ್ಗದ ಹಾಗೆಯೇ ಹೊಸೆದು ತುದಿಗೆ ಬಾಳೆನಾರು ಬಿಗಿಯುತ್ತಿದ್ದರು. ನೀರುಕಡ್ಡಿ ಗಿಡದ ದಂಟಿನಿಂದ ಸ್ಲೇಟು ಒರೆಸಿ ಮೊದಲ ಲೆಕ್ಕ ಬರೆಯುವುದರೊಳಗೆ ಅದು ಬಿಚ್ಚಿಕೊಂಡು ಮುಖಕ್ಕೆ ಬರುತ್ತಿತ್ತು. ಟೀಚರಜ್ಜಿ ಬಾಚಣಿಗೆ ತಂದು ಹೆಣೆದುಬಿಡಬಹುದಾಗಿತ್ತು. ‘ಹಾಗೆ ಮಾಡಿ ಮನೆಗೆ ಕಳುಹಿಸಿದರೆ ಆ ಮನುಷ್ಯನ ಮುಖಕ್ಕೆ ಹೊಡೆದ ಹಾಗಲ್ಲವೇ’ ಎಂದು ನನ್ನನ್ನೇ ಕೇಳಿದ್ದರು, ನಲವತ್ತು ವರ್ಷಗಳ ಮೇಲೂ ಅದೇ ಅಳುಕಿನಲ್ಲಿ. ಕೈಕೆಲಸದ ಪೀರಿಯಡ್ಡಿನಲ್ಲಿ ಎಲ್ಲ ಮಕ್ಕಳಿಗೂ ತೆಂಗಿನ ಗರಿಯ ಮೂರು ಸೀಳು ಕೊಟ್ಟು ಹೆಣೆಯುವುದನ್ನು ಕಲಿಸಿದರು. ಬೇರೇನೂ ಹೇಳಲಿಲ್ಲ. ವಾರ ಕಳೆದು ಹುಡುಗಿ ಮೂರೆಳೆಯ ಜಡೆ ಹಾಕಿಸಿಕೊಂಡು ಬಂದಳು. ಜಡೆ ಕಿವಿಯ ಕಡೆಗೆ ವಾಲಿತ್ತು, ನಾರು ಮಾತ್ರ ಅದೇ ಬಾಳೆಯದು. ‘ಹಾಜರಿ ಕರೆಯುತ್ತ ಅವಳ ಹೆಸರಿಗೆ ಬರುವಾಗ ನನಗೆ ಸ್ವರವೇ ಹೊರಡಲಿಲ್ಲ ಮಾರಾಯ್ತಿ.’

ಕೆಲವು ದಿನಗಳ ನಂತರ ಅಪ್ಪ ಶಾಲೆಯ ಜಗಲಿಯ ಕೆಳಗೆ ಬಂದು, ತಲೆಯ ಮೇಲಿನ ಮುಟ್ಟಾಳೆ ತೆಗೆದು ಕಂಕುಳಲ್ಲಿಟ್ಟು, ನೆಲ ನೋಡುತ್ತ ಕೇಳಿದರಂತೆ: ‘ಟೀಚರೇ, ಜಡೆ ಸರಿಯುಂಟಾ?’

‘ಸ್ವಲ್ಪ ಬಿಗಿಯಾಯಿತು. ಮಗುವಿಗೆ ತಲೆ ನೋಯ್ತದೆ.’

ಆ ವರ್ಷವಿಡೀ ಅವರಿಬ್ಬರ ನಡುವೆ ನಡೆದ ಮಾತು ಇಷ್ಟೇ.

ಮುಂದಿನದು ನಮ್ಮ ಕಡೆಯ ಕ್ರಮದಂತೆ ದೊಡ್ಡವರ ಮೂಲಕ ನಡೆಯಿತು. ಹುಡುಗಿಯ ಅಪ್ಪನ ಭಾವ ಉಡುಪಿಗೆ ಬಂದು ಟೀಚರಜ್ಜಿಯ ಅಣ್ಣನ ಬಳಿ ವಿಷಯ ತೆಗೆದರು. ಜಾತಿ ಒಂದೇ ಆದ್ದರಿಂದ ಗಲಾಟೆಯಿಲ್ಲ. ಬೇರೆಯಾಗಿದ್ದರೆ ಈ ಕಥೆ ಸಿಹಿಯಾಗಿ ಉಳಿಯುತ್ತಿರಲಿಲ್ಲ ಎಂಬುದನ್ನು ನಾನು ಮರೆಯುವುದಿಲ್ಲ. ಕುಜದೋಷದವಳನ್ನು ಎರಡನೆಯ ಸಂಬಂಧಕ್ಕೆ ಕೊಡುವುದು ರೂಢಿಯೇ ಆಗಿದ್ದರಿಂದ ಅಣ್ಣನಿಗೆ ಸಮಾಧಾನವೂ ಆಯಿತು. ಆದರೆ ಬಾಗಿಲ ಹಿಂದಿನಿಂದ ತಂಗಿ ಒಂದು ಮಾತು ಹೇಳಿ ಕಳುಹಿಸಿದರು: ಶಾಲೆ ಬಿಡುವುದಿಲ್ಲ. ಬಂದವರು ಬಾಳೆಹಣ್ಣು ತಿಂದು, ಚಹಾ ಕುಡಿದು, ‘ಕೇಳಿ ಹೇಳುತ್ತೇವೆ’ ಎಂದು ಹೋದರು. ಹದಿನೈದು ದಿನ ಸುದ್ದಿಯಿಲ್ಲ. ಸಂಬಂಧ ಮುರಿಯಿತೆಂದು ಅಣ್ಣ ತಂಗಿಯೊಡನೆ ಮಾತು ಬಿಟ್ಟರು.

ಕಾದಂಬರಿಗಳ ಕೊನೆಯಲ್ಲಿ ಮಗು ಓಡಿಬಂದು ‘ಅಮ್ಮಾ’ ಎಂದು ತಬ್ಬಿಕೊಳ್ಳುತ್ತದೆ. ನಮ್ಮಲ್ಲಿ ಹಾಗಾಗಲಿಲ್ಲ. ಆ ಹುಡುಗಿ ಟೀಚರಜ್ಜಿಯನ್ನು ಮನೆಯೊಳಗೂ ‘ಟೀಚರ್’ ಎಂದೇ ಕರೆದಳು, ತಾನು ಮದುವೆಯಾಗಿ ಹೋಗುವವರೆಗೂ, ಹೋದ ಮೇಲೂ. ಟೀಚರಜ್ಜಿ ತಿದ್ದಲಿಲ್ಲ. ಆ ಮನೆಯ ಮಾಡದಲ್ಲಿ ಮೊದಲ ಹೆಂಡತಿಯ ಕುಂಕುಮದ ಕರಡಿಗೆ ಇದ್ದಲ್ಲೇ ಇತ್ತು. ನಡುವೆ ಒಮ್ಮೆ ವರ್ಗವಾದದ್ದನ್ನು ಬಿಟ್ಟರೆ ಆ ಶಾಲೆಯ ಗಂಟೆಯನ್ನು ನಿವೃತ್ತಿಯವರೆಗೂ ಬಾರಿಸಿದವರು ಅವರೇ.

ಹದಿನೈದು ದಿನಗಳ ಮೌನದ ವಿಷಯ ಹೇಳುವುದು ಬಾಕಿಯಿದೆ. ದೀಪಾವಳಿಯ ರಜೆ ಮುಗಿಸಿ, ಮನಸ್ಸು ಗಟ್ಟಿ ಮಾಡಿಕೊಂಡು ಟೀಚರಜ್ಜಿ ಊರಿಗೆ ಮರಳಿದರು. ಶಾಲೆಗೂ ಆ ಮನೆಗೂ ನಡುವೆ ಒಂದು ತೋಡು. ಅದಕ್ಕೆ ಒಂದೇ ಅಡಕೆ ಮರದ ಸಂಕ. ಮಳೆಗಾಲದಲ್ಲಿ ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದುದನ್ನು ಅವರು ಶಾಲೆಯ ಕಿಟಕಿಯಿಂದ ದಿನವೂ ಕಂಡಿದ್ದರು. ಈಗ ಅಲ್ಲಿ ಮೂರು ಮರಗಳನ್ನು ಒತ್ತಾಗಿ ಜೋಡಿಸಿ ಬಳ್ಳಿ ಬಿಗಿದಿತ್ತು. ಒಂದು ಬದಿಗೆ ಹಿಡಿದು ನಡೆಯಲು ಬಿದಿರು ಕಟ್ಟಿತ್ತು. ಅದರ ಕೆಳಗೆ, ಆರು ವರ್ಷದ ಮಗುವಿನ ಕೈಗೆ ಎಟಕುವ ಎತ್ತರದಲ್ಲಿ, ಇನ್ನೊಂದು.